ಮಾತಿಗೆ ಸಿಗುವ ರಕ್ಕಸ

ಚೈತ್ರ ಬಂತೆಂದರೆ ಗುಜರಾತಿನ ಅನೇಕ ಮನೆಗಳಲ್ಲಿ ‘ಓಖಾಹರಣ’ದ ಓದು ಶುರುವಾಗುತ್ತದೆ. ವಡೋದರದ ಪ್ರೇಮಾನಂದ ಭಟ್ಟ 1667ರಲ್ಲಿ ಕಟ್ಟಿದ ಆಖ್ಯಾನ ಅದು. ಓಖಾ ಎಂದರೆ ನಮ್ಮ ಉಷೆ, ಬಾಣಾಸುರನ ಮಗಳು. ಯಕ್ಷಗಾನದ ‘ಉಷಾ ಪರಿಣಯ’ ನೋಡಿದವರಿಗೆ ಕಥೆ ಹೊಸದಲ್ಲ, ಆದರೆ ಗುಜರಾತಿನ ಹೇಳಿಕೆಯಲ್ಲಿ ಅದಕ್ಕೊಂದು ಪೂರ್ವಕಥೆ ಇದೆ. ಶಿವ ಗಣಪತಿಯ ತಲೆ ಕಡಿದಾಗ, ಆಗ ಪಾರ್ವತಿಯ ಮಗಳೇ ಆಗಿದ್ದ ಓಖಾ ಹೆದರಿ ಉಪ್ಪಿನ ಮಡಕೆಯೊಳಗೆ ಅವಿತುಕೊಂಡಳಂತೆ. ತಮ್ಮನನ್ನು ಬಿಟ್ಟು ಅಡಗಿದ ತಪ್ಪಿಗೆ ಪಾರ್ವತಿ ಶಪಿಸಿದಳು, ಅವಳು ಅಸುರನ ಮನೆಯಲ್ಲಿ ಹುಟ್ಟಬೇಕಾಯಿತು. ಅದಕ್ಕೇ ಚೈತ್ರದಲ್ಲಿ ಹೆಣ್ಣುಮಕ್ಕಳು ‘ಅಲೂಣಾ’ ಹಿಡಿಯುತ್ತಾರೆ, ಅಂದರೆ ಉಪ್ಪಿಲ್ಲದ ಊಟ. ಈ ಕಥೆ ಕೇಳಿದವರ ಹತ್ತಿರ ಜ್ವರ ಸುಳಿಯುವುದಿಲ್ಲ ಎಂಬ ನಂಬಿಕೆಯೂ ಉಂಟು. ನಂಬಿಕೆಯ ಮಾತು ಹಾಗಿರಲಿ, ನನ್ನ ಗಮನ ಸೆಳೆಯುವುದು ಬೇರೆಯೇ ಒಂದು ಸಂಗತಿ. ಇಲ್ಲಿ ಕಥೆ ಕೇಳುವವರು ಕಥೆಯ ಹೊರಗೆ ಕೂತಿಲ್ಲ. ಅಸುರನ ಮನೆಯ ಹುಡುಗಿ ಉಪ್ಪಿನಲ್ಲಿ ಅಡಗಿದ್ದಕ್ಕೆ ಇವರು ತಮ್ಮ ತಟ್ಟೆಯ ಉಪ್ಪು ಬಿಡುತ್ತಾರೆ. ಆ ತಿಂಗಳಿನ ಮಟ್ಟಿಗೆ ಅವರ ನಾಲಿಗೆಯೂ ಕಥೆಯ ಒಂದು ಪಾತ್ರ.

ಇವತ್ತು ಇದೇ ಅಹಮದಾಬಾದು, ವಡೋದರ, ಸೂರತ್ತುಗಳಲ್ಲಿ, ಬೆಂಗಳೂರು ಮಂಗಳೂರುಗಳಲ್ಲಿ ಕೂಡ, ಹದಿಹರೆಯದವರೂ ಇಪ್ಪತ್ತು ದಾಟಿದವರೂ ಫೋನಿನಲ್ಲಿ ಇನ್ನೊಂದು ಬಗೆಯ ಕಥೆಯಾಟ ಆಡುತ್ತಿದ್ದಾರೆ. ಆಡುವವರೇ ಒಂದು ಪಾತ್ರ ಹಿಡಿದು ಸಾಲು ಬರೆಯುತ್ತಾರೆ, ಎದುರಿನ ಪಾತ್ರವಾಗಿ ಯಂತ್ರವೋ ಇನ್ನೊಬ್ಬ ಆಟಗಾರನೋ ಉತ್ತರ ಕೊಡುತ್ತಾರೆ, ಕಥೆ ಹಾಗೆ ಮುಂದುವರಿಯುತ್ತದೆ. ಈ ಆಟಗಳಲ್ಲಿ ಸೈತಾನ, ಪಿಶಾಚಿ, ಅಸುರರಾಜನಂಥ ಪಾತ್ರಗಳಿಗೆ ಇರುವ ಬೇಡಿಕೆ ಕಂಡು ಹಿರಿಯರಿಗೆ ಕಳವಳವಾಗುವುದು ಸಹಜ. ಮಕ್ಕಳ ಮನಸ್ಸು ಕೇಡಿನ ಕಡೆ ವಾಲುತ್ತಿದೆಯೇ ಎಂದು ಅವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ನನಗೆ ಕಾಣುವ ಉತ್ತರ ಬೇರೆ. ರಕ್ಕಸನ ಸೆಳೆತ ಅವನ ಕ್ರೌರ್ಯದಲ್ಲಿಲ್ಲ. ಅವನು ಮಾತಿಗೆ ಸಿಗುತ್ತಾನೆ. ದೇವರು ವರ ಕೊಡುತ್ತಾನೆ ಇಲ್ಲವೇ ತೀರ್ಪು ಕೊಡುತ್ತಾನೆ, ಅವನೆದುರು ಚೌಕಾಸಿ ನಡೆಯದು. ರಕ್ಕಸ ಹಾಗಲ್ಲ. ಅವನು ಕರಾರು ಮುಂದಿಡುತ್ತಾನೆ, ಪ್ರಶ್ನೆ ಕೇಳುತ್ತಾನೆ, ನಾವು ಒಪ್ಪುವವರೆಗೆ ಕಾಯುತ್ತಾನೆ. ಎದುರಿಗಿರುವವರ ಉತ್ತರವಿಲ್ಲದೆ ಮುಂದೆ ಹೋಗಲಾರದ ಕಥೆಗೆ ಇವನಿಗಿಂತ ಒಳ್ಳೆಯ ಪಾತ್ರಧಾರಿ ಸಿಗುವುದು ಕಷ್ಟ.

ಇದಕ್ಕೆ ಮೊದಲ ಸಾಕ್ಷಿ ಅಹಮದಾಬಾದಿನದೇ. ಮುಂದೆ ಗಿರಣಿ ಕಾರ್ಮಿಕರ ಬಡಾವಣೆಯಾಗಿ ಹೆಸರಾದ ಗೋಮತೀಪುರದಲ್ಲಿ, ಅದು ಇನ್ನೂ ವೇಗಣಪುರವಾಗಿದ್ದ ಕಾಲಕ್ಕೆ ಹುಟ್ಟಿದವನು ಶಾಮಳ ಭಟ್ಟ. 18ನೇ ಶತಮಾನದ ಈ ಕವಿ ವಿಕ್ರಮನ ಕಥೆಗಳನ್ನು, ಬೇತಾಳನ ಕಥೆಗಳನ್ನು ಗುಜರಾತಿ ಪದ್ಯಕ್ಕೆ ತಂದ. ಒಗಟು, ಸಮಸ್ಯೆಗಳನ್ನು ಕಥೆಯ ನಡುವೆ ಹೆಣೆಯುವುದು ಅವನ ಕೈಗುಣ. ಒಗಟು ಬಂದಾಗಲೆಲ್ಲ ಕೇಳುಗನ ತಲೆಯೂ ಕೆಲಸ ಮಾಡಲೇಬೇಕು. ಕನ್ನಡದ ಮೂರು ತಲೆಮಾರಿಗೆ ಈ ಬೇತಾಳ ಚಂದಮಾಮದಿಂದ ಪರಿಚಿತ. ಚಿತ್ರಕಾರ ಶಂಕರ್ ಬರೆದ ಆ ಚಿತ್ರವನ್ನು ಯಾರು ಮರೆತಾರು? ಒಂದು ಕೈಯಲ್ಲಿ ಬಿಚ್ಚುಗತ್ತಿ, ಹೆಗಲ ಮೇಲೆ ಜೋತುಬಿದ್ದ ಹೆಣ, ಸುತ್ತ ಸ್ಮಶಾನದ ಕತ್ತಲು. ಅಷ್ಟು ಭಯಾನಕವಾದ ಚಿತ್ರದ ಕೆಳಗೆ ನಡೆಯುತ್ತಿದ್ದುದು ನ್ಯಾಯದ ಚರ್ಚೆ. ಮೂವರು ವರರಲ್ಲಿ ಹುಡುಗಿ ಯಾರಿಗೆ ಸಲ್ಲಬೇಕು, ರಾಜ ಸೇವಕರಲ್ಲಿ ಯಾರ ತ್ಯಾಗ ದೊಡ್ಡದು, ಹೀಗೆ. ಬೇತಾಳನ ಷರತ್ತು ನೋಡಿ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಿಡಿದು ಹೋಳಾಗುತ್ತದೆ, ಬಾಯಿ ಬಿಟ್ಟರೆ ಹೆಣ ಮರಕ್ಕೆ ಹಾರುತ್ತದೆ. ಮೌನವೂ ಮಾತೂ ಎರಡೂ ನಷ್ಟವೇ ಆದ ಕಡೆ ರಾಜ ಪ್ರತಿ ಸಲವೂ ಮಾತನ್ನೇ ಆರಿಸಿಕೊಳ್ಳುತ್ತಾನೆ, ಯಾಕೆಂದರೆ ನ್ಯಾಯ ಗೊತ್ತಿದ್ದವನು ಹೇಳಲೇಬೇಕು. ಕೊನೆಗೆ ಬಯಲಾಗುವ ಸತ್ಯ ಇನ್ನೂ ದೊಡ್ಡದು. ರಾಜನನ್ನು ಬಲಿಕೊಡಲು ಹೊಂಚು ಹಾಕಿದವನು ಕಾವಿಯುಟ್ಟ ಯೋಗಿ, ರಾಜನ ಪ್ರಾಣ ಉಳಿಸುವ ಗುಟ್ಟು ಹೇಳಿದ್ದು ಹೆಣದೊಳಗಿನ ಬೇತಾಳ. ಯಾರ ವೇಷ ಏನು ಹೇಳುತ್ತದೆ ಎಂಬುದನ್ನು ನಂಬಬೇಡ, ಯಾರ ಮಾತು ಏನು ಕೇಳುತ್ತದೆ ಎಂಬುದನ್ನು ನೋಡು ಎನ್ನುವಂಥ ಈ ತಿರುವನ್ನು ಕಥೆ ಇಟ್ಟದ್ದು ಭೂತದ ಬಾಯಲ್ಲೇ.

ಎರಡನೆಯ ಸಾಕ್ಷಿ ಪ್ರೇಮಾನಂದನದು. ಅವನು ಮಾಣಭಟ್ಟ. ದುಂಡು ಹೊಟ್ಟೆಯ ತಾಮ್ರದ ಕೊಡ ಮುಂದಿಟ್ಟುಕೊಂಡು, ಬೆರಳುಗಳಿಗೆ ಉಂಗುರ ತೊಟ್ಟು, ಅದರ ಮೈಮೇಲೆ ತಾಳ ಬಡಿಯುತ್ತ ಊರೂರಲ್ಲಿ ಕಥೆ ಹೇಳುವ ಕಸುಬು ಅದು. ಸೂರತ್, ನಂದೂರ್‌ಬಾರ್‌ಗಳವರೆಗೂ ಅವನು ತಿರುಗಿದ. ವಡೋದರದಲ್ಲಿ ಧಾರ್ಮಿಕ್‌ಲಾಲ್ ಪಂಡ್ಯಾ ಆ ಕೊಡದ ದನಿಯನ್ನು ನಮ್ಮ ಕಾಲದವರೆಗೆ ಉಳಿಸಿಕೊಂಡು ಬಂದರು. ಪುರಾಣದ ಪಾತ್ರಗಳನ್ನು ಗುಜರಾತಿನ ಸಂಸಾರಸ್ಥರನ್ನಾಗಿ ಮಾಡುವುದು ಪ್ರೇಮಾನಂದನ ಶಕ್ತಿ. ಅವನ ಬಾಣಾಸುರನಿಗೆ ಸಾವಿರ ತೋಳು, ಲೋಕ ಗಡಗಡ ನಡುಗುತ್ತದೆ. ಆದರೂ ಮುಂಜಾನೆ ಬೀದಿ ಗುಡಿಸುವ ಹೆಂಗಸು ಅವನನ್ನು ಕಂಡು ಮುಖ ತಿರುಗಿಸುತ್ತಾಳೆ, ಮಕ್ಕಳಿಲ್ಲದವನ ಮುಖ ಬೆಳಿಗ್ಗೆ ನೋಡಬಾರದೆಂದು. ಸಾವಿರ ತೋಳಿದ್ದೂ ಆ ಒಂದು ನೋಟವನ್ನು ತಡೆಯಲು ಅವನಿಂದಾಗಲಿಲ್ಲ. ಇಂಥ ಕಡೆ ಕೇಳುಗರು ಅಸುರನನ್ನು ದ್ವೇಷಿಸುತ್ತ ಕೂತಿರಲು ಸಾಧ್ಯವೇ? ಬಂಜೆತನದ ಮಾತು ಕೇಳಿ ನೊಂದ ಎಷ್ಟು ಜನ ಆ ಸಭೆಯಲ್ಲೇ ಇದ್ದಿರಬೇಕು! ಅವರ ನೋವನ್ನು ಬಹಿರಂಗವಾಗಿ ಹೇಳಲು ಒಬ್ಬ ಅಸುರ ಬೇಕಾಯಿತು. ಸಜ್ಜನನ ಪಾತ್ರಕ್ಕೆ ಅಂಥ ಸಿಟ್ಟು, ಅಂಥ ಅವಮಾನ ಆಡಿ ತೋರಿಸುವ ಸ್ವಾತಂತ್ರ್ಯವಿಲ್ಲ. ಅವನು ತಾಳಿಕೊಳ್ಳಬೇಕು. ರಕ್ಕಸನ ವೇಷ ತೊಟ್ಟವನು ಕೂಗಬಹುದು.

ಕನ್ನಡಿಗರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ, ಯಾಕೆಂದರೆ ನಮ್ಮಲ್ಲಿ ತಾಳಮದ್ದಳೆ ಇದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ ಹಾಡುತ್ತಾರೆ, ಅರ್ಥಧಾರಿ ಆ ಪದದ ಎಳೆ ಹಿಡಿದು ಆ ಕ್ಷಣಕ್ಕೆ ಹುಟ್ಟಿದ ಮಾತಿನಲ್ಲಿ ಪಾತ್ರ ಕಟ್ಟುತ್ತಾರೆ, ಎದುರಿಗೆ ಕೂತವರು ಮೊದಲೇ ಗೊತ್ತಿಲ್ಲದ ಪ್ರಶ್ನೆಗೆ ಅಲ್ಲೇ ಉತ್ತರ ಕೊಡಬೇಕು. ಪಾತ್ರ ವಹಿಸಿ ಆಡುವ ಕಥೆಗೆ ಇದಕ್ಕಿಂತ ಚೊಕ್ಕ ಉದಾಹರಣೆಗಳು ಜಗತ್ತಿನಲ್ಲಿ ಹೆಚ್ಚಿರಲಾರವು. ಕಾಸರಗೋಡಿನ ಶೇಣಿ ಗೋಪಾಲಕೃಷ್ಣ ಭಟ್ಟರ ಹೆಸರು ಜನಮನದಲ್ಲಿ ನಿಂತದ್ದು ಹೆಚ್ಚಾಗಿ ರಾವಣ, ವಾಲಿ, ಮಾಗಧರಂಥ ಪಾತ್ರಗಳಿಂದ. ವಾಲಿ ರಕ್ಕಸನಲ್ಲ, ನಿಜ, ಆದರೆ ಅವನು ಕೂರುವ ಜಾಗ ಅದೇ, ದೇವರ ಎದುರು ಸಾಲು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆ ಎಂದು ಸಾಯುತ್ತಿರುವ ವಾಲಿ ಕೇಳಿದಾಗ ರಾಮನ ಅರ್ಥ ಹೇಳುವವರಿಗೆ ನಿಜವಾಗಿ ಬೆವರು ಬರುತ್ತದೆ. ಅವತಾರಪುರುಷ ಎಂಬ ಹೆಸರಿನ ಆಸರೆ ಅಲ್ಲಿ ನಡೆಯುವುದಿಲ್ಲ, ತರ್ಕ ಬೇಕು. ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು, ವಾಲಿ ಸಾಯಲೇಬೇಕು. ಆದರೂ ಜನ ರಾತ್ರಿಯಿಡೀ ಕೂರುವುದು ಕೊನೆಗಾಗಿ ಅಲ್ಲ, ಆ ವಾದಕ್ಕಾಗಿ. ವಡೋದರ, ಸೂರತ್, ಅಹಮದಾಬಾದುಗಳಲ್ಲಿ ಹೋಟೆಲು ಕಟ್ಟಿ ನೆಲೆನಿಂತ ಕರಾವಳಿಯವರು ತಮ್ಮ ಸಂಘಗಳ ಸಮಾರಂಭಕ್ಕೆ ಊರಿನ ಕಲಾವಿದರನ್ನು ಕರೆಸುವಾಗಲೂ ಈ ಹಸಿವು ಜೊತೆಗಿರುತ್ತದೆ.

ಇನ್ನೊಂದು ಹೋಲಿಕೆ ಇಲ್ಲಿ ಹೇಳಬೇಕು. ನವರಾತ್ರಿಯಲ್ಲಿ ಈ ಮೂರೂ ನಗರಗಳು ಗರ್ಬಾದಲ್ಲಿ ಮುಳುಗುತ್ತವೆ. ನಡುವೆ ದೀಪವಿಟ್ಟ ಮಡಕೆ ಅಥವಾ ಅಮ್ಮನ ಮೂರ್ತಿ, ಸುತ್ತ ಸುತ್ತುವ ಸಾವಿರಾರು ಜನ. ಮಹಿಷನನ್ನು ಕೊಂದ ತಾಯಿಯ ಹಬ್ಬ ಅದು, ಆದರೆ ಆ ವೃತ್ತದಲ್ಲಿ ಮಹಿಷನಾಗಿ ಯಾರೂ ಕುಣಿಯುವುದಿಲ್ಲ. ನಮ್ಮ ‘ದೇವಿ ಮಹಾತ್ಮೆ’ ಆಟದಲ್ಲಿ ಮಹಿಷಾಸುರ ರಂಗಸ್ಥಳದ ಹಿಂದಿನಿಂದ ಬರುವುದೇ ಇಲ್ಲ. ಪ್ರೇಕ್ಷಕರ ಬೆನ್ನ ಹಿಂದೆ ಎಲ್ಲೋ ದೂರದ ಕತ್ತಲಲ್ಲಿ ಅಬ್ಬರ ಕೇಳುತ್ತದೆ, ದೊಂದಿಗಳು ಕಾಣುತ್ತವೆ, ರಾಳದ ಪುಡಿ ಎರಚಿದಾಗ ಬೆಂಕಿ ಭಗ್ಗನೆ ಏಳುತ್ತದೆ, ಕೋಡು ಹೊತ್ತ ವೇಷ ಜನರ ನಡುವೆಯೇ ದಾರಿ ಮಾಡಿಕೊಂಡು ನುಗ್ಗುತ್ತದೆ. ತೂಕಡಿಸುತ್ತಿದ್ದ ಮಕ್ಕಳು ಅಮ್ಮನ ಸೆರಗು ಹಿಡಿದು ಕಣ್ಣಗಲಿಸುತ್ತಾರೆ. ದೇವಿ ರಂಗಸ್ಥಳದಲ್ಲೇ ಇರುತ್ತಾಳೆ, ನಮ್ಮ ಮೈ ತಾಕಿಕೊಂಡು ಹೋಗುವವನು ಮಹಿಷ. ಗರ್ಬಾದಲ್ಲಿ ಎಲ್ಲರೂ ಭಾಗಿಗಳಾದ್ದರಿಂದ ಅಲ್ಲಿ ರಕ್ಕಸ ಬೇಕಾಗಿಲ್ಲ, ಕುಣಿತವೇ ಸಾಕು. ಆಟದಲ್ಲಿ ಕೂತು ನೋಡುವ ಜನರನ್ನು ಒಳಗೆ ಎಳೆದುಕೊಳ್ಳಬೇಕಾಗಿದೆ, ಆ ಕೆಲಸ ಅಸುರನ ಪಾಲಿಗೆ ಬಂತು.

ಇದಕ್ಕೆ ತದ್ವಿರುದ್ಧವಾದ ದುಷ್ಟನೊಬ್ಬ ಇತ್ತೀಚೆಗೆ ಗುಜರಾತಿ ಸಿನಿಮಾದಲ್ಲೇ ಬಂದ. ಕೃಷ್ಣದೇವ್ ಯಾಜ್ಞಿಕ್ ನಿರ್ದೇಶನದ ‘ವಶ್’ 2023ರಲ್ಲಿ ತೆರೆಕಂಡು, ಮರುವರ್ಷ ಹಿಂದಿಯಲ್ಲಿ ‘ಶೈತಾನ್’ ಆಯಿತು. ಹಿತೇನ್ ಕುಮಾರ್ ಮಾಡಿದ ಆ ಅಪರಿಚಿತ ಒಂದು ಕುಟುಂಬದ ಹುಡುಗಿಯನ್ನು ವಶಮಾಡಿಕೊಳ್ಳುತ್ತಾನೆ. ನಗು ಅಂದರೆ ನಗುತ್ತಾಳೆ, ಕುಣಿ ಅಂದರೆ ಕುಣಿಯುತ್ತಾಳೆ, ಹೆತ್ತವರು ಕಣ್ಣೆದುರೇ ನಿಸ್ಸಹಾಯಕರಾಗುತ್ತಾರೆ. ಆ ಪಾತ್ರ ಮಾಡಿದ ಜಾನಕಿ ಬೋಡಿವಾಲಾಗೆ ರಾಷ್ಟ್ರಪ್ರಶಸ್ತಿ ಬಂತು. ಚಿತ್ರದ ದಿಗಿಲೆಲ್ಲ ಇರುವುದು ಒಂದೇ ಕಡೆ, ಆ ದುಷ್ಟ ಯಾರ ಒಪ್ಪಿಗೆಯನ್ನೂ ಕೇಳುವುದಿಲ್ಲ. ಸಿನಿಮಾಕ್ಕೆ ಅದು ಹೊಂದುತ್ತದೆ, ನೋಡುಗನೂ ಕುರ್ಚಿಯಲ್ಲಿ ಕೈಕಟ್ಟಿ ಕೂತವನೇ. ಆಡುವ ಕಥೆಯಲ್ಲಿ ಇಂಥವನನ್ನು ತಂದರೆ ಆಟ ಅಲ್ಲಿಗೆ ಸತ್ತಿತು, ಆಡುವವರಿಗೆ ಮಾಡಲು ಏನೂ ಉಳಿಯುವುದಿಲ್ಲ. ಅದೇ 2023ರಲ್ಲಿ ಬೆಲ್ಜಿಯಂನ ಲಾರಿಯನ್ ಸಂಸ್ಥೆ ತಂದ ‘ಬಾಲ್ಡರ್ಸ್ ಗೇಟ್ 3’ ಎಂಬ ಆಟದ ರಾಫೆಲ್‌ನನ್ನು ನೋಡಿ. ಅವನೂ ಸೈತಾನನೇ. ಆದರೆ ಮೊದಲ ಭೇಟಿಯಲ್ಲಿ ಅವನು ಮಾಡುವುದು ಔತಣದ ಮೇಜಿನ ಮುಂದೆ ನಿಲ್ಲಿಸಿ ಸವಿಮಾತು ಆಡುವುದು. ಮುಂದೆ ಕರಾರುಪತ್ರ ಮುಂದಿಡುತ್ತಾನೆ. ಸಹಿ ಹಾಕಬಹುದು, ಒಲ್ಲೆ ಎನ್ನಬಹುದು, ಅವನ ಮನೆಗೇ ಕನ್ನ ಹಾಕಬಹುದು. ‘ವಶ್’ನ ದುಷ್ಟ ಆಯ್ಕೆ ಕಸಿಯುತ್ತಾನೆ, ರಾಫೆಲ್ ಆಯ್ಕೆಯನ್ನೇ ಮಾರುತ್ತಾನೆ. ಆಟಗಾರರನ್ನು ಸೆಳೆಯುವ ಸೈತಾನ ಈ ಎರಡನೆಯ ಜಾತಿಯವನು, ಬೇತಾಳನ ಬಳಗದವನು.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದಿದೆ, ಅದೂ ಗುಜರಾತಿನದೇ. ಸೂರತ್ತಿನ ಶಾಲಾ ಮಾಸ್ತರ ದುರ್ಗಾರಾಮ್ ಮೆಹ್ತಾ 1844ರಲ್ಲಿ ಮಾನವಧರ್ಮ ಸಭೆ ಕಟ್ಟಿ, ಭೂತ ಬಿಡಿಸುತ್ತೇವೆ ಎನ್ನುವ ಮಾಂತ್ರಿಕರಿಗೆ ಬಹಿರಂಗ ಸವಾಲು ಹಾಕಿದರು. ಅಹಮದಾಬಾದಿನಲ್ಲಿ 1848ರಲ್ಲಿ ಶುರುವಾದ ಗುಜರಾತ್ ವರ್ನಾಕ್ಯುಲರ್ ಸೊಸೈಟಿಗಾಗಿ ಕವಿ ದಲಪತರಾಮ್ ಮರುವರ್ಷವೇ ‘ಭೂತ್ ನಿಬಂಧ್’ ಬರೆದರು, ಅದನ್ನು ಸಂಸ್ಥೆಯ ಸ್ಥಾಪಕ ಅಲೆಕ್ಸಾಂಡರ್ ಫೋರ್ಬ್ಸ್ ಇಂಗ್ಲಿಷಿಗೆ ತಂದ. ಮೈಮೇಲೆ ಬಂದ ಭೂತದ ಹೆಸರಿನಲ್ಲಿ ಜನ ಹೇಗೆ ಸುಲಿಗೆಗೆ ಸಿಗುತ್ತಾರೆ ಎಂದು ತಿಳಿಸಲು ಇಷ್ಟು ಕಷ್ಟಪಟ್ಟ ಮೇಲೆ ಮತ್ತೆ ರಕ್ಕಸ, ಪಿಶಾಚಿ ಎಂದು ಮಕ್ಕಳ ಕೈಗೆ ಕೊಡುವುದೇ ಎಂದು ಯಾರಾದರೂ ಕೇಳಿದರೆ ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ದುರ್ಗಾರಾಮ್, ದಲಪತರಾಮ್ ಇಬ್ಬರೂ ಹೋರಾಡಿದ್ದು ಇದು ನಿಜ ಎನ್ನುವವರ ಜೊತೆ. ಮಂತ್ರವಾದಿಯ ಮುಂದೆ ಕೂತವನಿಗೆ ಒಲ್ಲೆ ಎನ್ನುವ ದಾರಿಯಿಲ್ಲ, ಭೂತದ ಪರವಾಗಿ ಮಾತಾಡುವವನೂ ಮಂತ್ರವಾದಿಯೇ, ಕಾಸು ತೆಗೆದುಕೊಳ್ಳುವವನೂ ಅವನೇ. ಕಥೆಯಾಟದಲ್ಲಿ ಇಬ್ಬರಿಗೂ ಇದು ವೇಷವೆಂದು ಗೊತ್ತು. ವೇಷವೆಂದು ಗೊತ್ತಿದ್ದೂ ಒಂದು ಗಳಿಗೆ ನಂಬಿದಂತೆ ಆಡಬಲ್ಲ ಮನಸ್ಸು ಮಂತ್ರವಾದಿಗೆ ಅಷ್ಟು ಸುಲಭಕ್ಕೆ ಬಲಿಯಾಗುವ ಮನಸ್ಸಲ್ಲ.

ಎರಡನೆಯ ಭಯ, ಆಡುತ್ತಾ ಆಡುತ್ತಾ ಮಕ್ಕಳು ಕೆಡುತ್ತಾರೆ ಎಂಬುದು. 2019ರ ಮಾರ್ಚ್‌ನಲ್ಲಿ ರಾಜ್‌ಕೋಟ್, ಸೂರತ್, ಅಹಮದಾಬಾದ್ ಪೊಲೀಸರು ಪಬ್‌ಜಿ ಆಟವನ್ನೇ ನಿಷೇಧಿಸಿದರು, ರಾಜ್‌ಕೋಟ್‌ನಲ್ಲಿ ಕಾಲೇಜು ಹುಡುಗರ ಬಂಧನವೂ ಆಯಿತು. ಅಮೆರಿಕದಲ್ಲಿ ಇದೇ ದಿಗಿಲು ನಾಲ್ಕು ದಶಕದ ಹಿಂದೆಯೇ ಬಂದಿತ್ತು. 1974ರಲ್ಲಿ ಹುಟ್ಟಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟ ಮಕ್ಕಳನ್ನು ಸೈತಾನನ ಪೂಜೆಗೆ ಎಳೆಯುತ್ತದೆಂಬ ಕೂಗಿಗೆ ಮಣಿದು, 1989ರ ಎರಡನೆಯ ಆವೃತ್ತಿಯಲ್ಲಿ ಪ್ರಕಾಶಕರು ಡೆವಿಲ್, ಡೀಮನ್ ಎಂಬ ಪದಗಳನ್ನೇ ತೆಗೆದರು. ಬೇರೆ ಹೆಸರು ಹೊತ್ತು ಅವೇ ಪ್ರಾಣಿಗಳು ವಾಪಸು ಬಂದವು, 2000ದ ಆವೃತ್ತಿಯಲ್ಲಿ ಹಳೆಯ ಹೆಸರುಗಳೂ ಬಂದವು. ಹೆಸರು ಅಳಿಸಿದರೆ ಅಪಾಯ ಅಳಿಯುವುದಿಲ್ಲ, ಅಪಾಯ ಎಲ್ಲಿದೆಯೋ ಅಲ್ಲಿ ನೋಡಬೇಕು. ಅಪಾಯವಂತೂ ಇದೆ, ಅದನ್ನು ಹಗುರವಾಗಿ ತೆಗೆದುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಫ್ಲಾರಿಡಾದಲ್ಲಿ 14 ವರ್ಷದ ಹುಡುಗನೊಬ್ಬ ಪ್ರಾಣ ಕಳೆದುಕೊಂಡ ಮೇಲೆ ತಾಯಿ 2024ರಲ್ಲಿ ಚಾಟ್‌ಬಾಟ್ ಸಂಸ್ಥೆಯೊಂದರ ಮೇಲೆ ದಾವೆ ಹೂಡಿದಳು. ಅವನು ತಿಂಗಳುಗಟ್ಟಲೆ ಮಾತಾಡುತ್ತಿದ್ದ ಪಾತ್ರಕ್ಕೆ ಕೋಡಿರಲಿಲ್ಲ, ಅದೊಂದು ಪ್ರಸಿದ್ಧ ಧಾರಾವಾಹಿಯ ರಾಣಿಯ ಪಾತ್ರ, ಪ್ರೀತಿಯ ಮಾತಾಡುತ್ತಿತ್ತು. ನನಗೆ ಇದು ಮುಖ್ಯವಾಗಿ ಕಾಣುತ್ತದೆ. ಸೈತಾನನ ಬಳಿ ಹೋಗುವವರು ಎಚ್ಚರ ಕಟ್ಟಿಕೊಂಡೇ ಹೋಗುತ್ತಾರೆ, ಇವನ ಮಾತಿನಲ್ಲಿ ಮೋಸವಿದೆ ಎಂಬುದು ಆಟದ ಮೊದಲ ಪಾಠ. ಸದಾ ಹೌದೆನ್ನುವ, ಎಂದೂ ಸೋಲದ, ಎಂದೂ ಮುಗಿಯದ ಪ್ರೀತಿಯ ಪಾತ್ರದೆದುರು ಆ ಎಚ್ಚರ ಹುಟ್ಟುವುದೇ ಇಲ್ಲ.

ಹಾಗಾಗಿ ನನ್ನ ದೂರು ಇರುವುದು ಯಂತ್ರದ ಸೈತಾನರು ಸಾಕಷ್ಟು ಒಳ್ಳೆಯ ಸೈತಾನರಲ್ಲ ಎಂಬುದರ ಮೇಲೆ. ಆಡುವವನನ್ನು ಹಿಡಿದಿಟ್ಟುಕೊಳ್ಳಲು ಕಟ್ಟಿದ ಪಾತ್ರ ಗುಡುಗುತ್ತದೆ, ಎರಡನೆಯ ಸಾಲಿಗೇ ಮಣಿಯುತ್ತದೆ, ಮೂರನೆಯದಕ್ಕೆ ಸೇವಕನಾಗುತ್ತದೆ. ಬೇತಾಳ 24 ಸಲ ಮರಕ್ಕೆ ಹಾರಿದ್ದ, ಒಂದು ಸಲವೂ ರಿಯಾಯಿತಿ ಕೊಡಲಿಲ್ಲ. ಅದಲ್ಲದೆ ಹಳೆಯ ಆಟಗಳಿಗೆಲ್ಲ ಒಂದು ಮುಕ್ತಾಯವಿತ್ತು. ತಾಳಮದ್ದಳೆ ಮಂಗಳದೊಂದಿಗೆ ಮುಗಿಯುತ್ತದೆ, ಆಮೇಲೆ ರಾವಣನೂ ರಾಮನೂ ಒಂದೇ ಬೆಂಚಿನ ಮೇಲೆ ಕಾಫಿ ಕುಡಿಯುತ್ತಾರೆ. ಗುಜರಾತಿನಲ್ಲಿ ದೀಪಾವಳಿಯ ಹಿಂದಿನ ಕಾಳೀ ಚೌದಸ್ ರಾತ್ರಿ ಹೆಂಗಸರು ವಡೆ ಮಾಡಿ ನಾಲ್ಕು ರಸ್ತೆ ಕೂಡುವ ಕಡೆ ಇಟ್ಟು, ಸುತ್ತ ನೀರಿನ ಗೆರೆ ಎಳೆದು, ಮನೆಯ ಜಗಳ ಕಿರಿಕಿರಿಯನ್ನೆಲ್ಲ ಅಲ್ಲಿ ಬಿಟ್ಟು ಹಿಂದಿರುಗಿ ನೋಡದೆ ಮನೆಗೆ ಬರುತ್ತಾರೆ. ‘ಕಕಳಾಟ’ ಹೊರಹಾಕುವುದು ಎನ್ನುತ್ತಾರೆ ಅದಕ್ಕೆ. ಫೋನಿನ ಕಥೆಯಾಟ ಕಟ್ಟುವವರಿಗೆ ಈ ನೀರಿನ ಗೆರೆ ಎಲ್ಲಿ ಎಳೆಯಬೇಕು ಎಂಬ ಪ್ರಶ್ನೆ ಇನ್ನೂ ಕಾಡಿದಂತೆ ಕಾಣುವುದಿಲ್ಲ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಕಠಿಣ. ಅಸುರ ಎಂಬ ಹೆಸರನ್ನು ಜೀವಂತ ಮನುಷ್ಯರಿಗೆ ಅಂಟಿಸಿದ ಚರಿತ್ರೆ ನಮ್ಮದು. ಪಾಟಣದ ದೊರೆ ಸಿದ್ಧರಾಜ ಜಯಸಿಂಹ 12ನೇ ಶತಮಾನದಲ್ಲಿ ಬರ್ಬರಕನನ್ನು ಗೆದ್ದು ‘ಬರ್ಬರಕಜಿಷ್ಣು’ ಎಂಬ ಬಿರುದು ಧರಿಸಿದ. ಹೇಮಚಂದ್ರನ ‘ದ್ವ್ಯಾಶ್ರಯ’ ಕಾವ್ಯದಲ್ಲಿ ಬರ್ಬರಕ ಋಷಿಗಳನ್ನು ಕಾಡುವ ರಾಕ್ಷಸ, ಜನಪದರ ಬಾಯಲ್ಲಿ ಒಂದೇ ರಾತ್ರಿಯಲ್ಲಿ ಕಟ್ಟಡ ಎಬ್ಬಿಸುವ ಬಾಬರೋ ಭೂತ. ಅವನು ಬಹುಶಃ ಕಾಡಿನ ಜನರ ನಾಯಕನಾಗಿದ್ದ ಎಂದು ಇತಿಹಾಸಕಾರರು ಊಹಿಸುತ್ತಾರೆ. ಗೆದ್ದವರು ಅವನ ಹೆಸರನ್ನೂ ಗೆದ್ದುಕೊಂಡರು. ಪೂರ್ವ ಗುಜರಾತಿನ ಆದಿವಾಸಿ ಊರುಗಳಲ್ಲಿ ಹೆಂಗಸರನ್ನು ‘ಡಾಕಣ್’, ಅಂದರೆ ಮಾಟಗಾತಿ, ಎಂದು ಕರೆದು ಹಿಂಸಿಸುವುದು ಇನ್ನೂ ನಿಂತಿಲ್ಲ, 2024ರಲ್ಲಿ ಗುಜರಾತ್ ವಿಧಾನಸಭೆ ಮಾಟಮಂತ್ರದ ವಿರುದ್ಧ ಕಾಯ್ದೆ ಮಾಡಬೇಕಾಗಿ ಬಂತು. ಈ ಆಕ್ಷೇಪಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಇಷ್ಟು ಹೇಳಬಲ್ಲೆ. ಡಾಕಣ್ ಎನಿಸಿಕೊಂಡವಳಿಗೆ ವೇಷ ಕಳಚುವ ಅವಕಾಶವಿಲ್ಲ, ಮಾತಾಡುವ ಸರದಿಯೂ ಇಲ್ಲ. ರಕ್ಕಸನ ಸಾಲುಗಳನ್ನು ತಾನೇ ಬರೆದು, ಅವನ ಬಾಯಿಂದ ಲೋಕ ಹೇಗೆ ಕಾಣುತ್ತದೆ ಎಂದು ಒಂದು ಸಂಜೆಯಾದರೂ ಆಡಿ ನೋಡಿದವನಿಗೆ, ಪಕ್ಕದ ಮನೆಯವರನ್ನು ರಕ್ಕಸರೆಂದು ಯಾರಾದರೂ ಹೇಳಿದಾಗ ಅವರ ಮಾತನ್ನೂ ಒಮ್ಮೆ ಕೇಳೋಣ ಅನಿಸುವ ಸಾಧ್ಯತೆ ಹೆಚ್ಚು.

ಪ್ರೇಮಾನಂದ 1671ರಲ್ಲಿ ಬರೆದ ‘ಅಭಿಮನ್ಯು ಆಖ್ಯಾನ’ವನ್ನು ಯಾರಾದರೂ ಕಥೆಯಾಟವಾಗಿ ಕಟ್ಟಿದರೆ ನೋಡುವ ಆಸೆ ನನಗಿದೆ. ಅಲ್ಲಿ ಅಹಿಲೋಚನ ಎಂಬ ದೈತ್ಯನಿಗೆ ಕೃಷ್ಣನ ಮೇಲೆ ಹಳೆಯ ಹಗೆ. ಕೃಷ್ಣನನ್ನು ಹಿಡಿದು ತುಂಬಲೆಂದೇ ಗಟ್ಟಿ ಪೆಟ್ಟಿಗೆ ಹೊತ್ತು ಹೊರಡುತ್ತಾನೆ. ದಾರಿಯಲ್ಲಿ ವೇಷ ಮರೆಸಿಕೊಂಡ ಕೃಷ್ಣ ಸಿಕ್ಕಿ, ಅವನು ಇದರೊಳಗೆ ಹಿಡಿಸುತ್ತಾನೋ ಇಲ್ಲವೋ ನೀನೇ ಒಮ್ಮೆ ಕೂತು ನೋಡು ಎಂಬ ಉಪಾಯದಿಂದ ದೈತ್ಯನನ್ನೇ ಒಳಗೆ ಕೂಡಿಹಾಕುತ್ತಾನೆ. ಪೆಟ್ಟಿಗೆ ಅರಮನೆಗೆ ಬರುತ್ತದೆ. ಕುತೂಹಲ ತಾಳದೆ ಸುಭದ್ರೆ ಮುಚ್ಚಳ ತೆಗೆಯುತ್ತಾಳೆ, ಅಹಿಲೋಚನನ ಜೀವ ಅವಳ ಬಸಿರು ಸೇರಿ ಅಭಿಮನ್ಯುವಾಗುತ್ತದೆ. ಚಕ್ರವ್ಯೂಹದಲ್ಲಿ ಒಂಟಿಯಾಗಿ ಕಾದಾಡಿ ಬಿದ್ದ, ನಾವೆಲ್ಲ ಕಣ್ಣೀರಿಟ್ಟ ಆ ಹುಡುಗ ದೈತ್ಯನೇ ಆಗಿದ್ದ. ಸೋದರಮಾವನಿಗೆ ಅದು ಮೊದಲಿಂದಲೂ ಗೊತ್ತಿತ್ತು. ಆಟವಾಗಿ ಕಟ್ಟುವವರು ಆಡುವವರನ್ನು ಸುಭದ್ರೆಯ ಜಾಗದಲ್ಲಿ ನಿಲ್ಲಿಸಬೇಕು. ಒಳಗಿನಿಂದ ಸಣ್ಣಗೆ ಉಸಿರಾಟ ಕೇಳುತ್ತಿದೆ, ಅಣ್ಣ ತೆಗೆಯಬೇಡ ಎಂದಿದ್ದಾನೆ, ಯಾಕೆಂದು ಹೇಳಿಲ್ಲ, ಕೈ ಮುಚ್ಚಳದ ಮೇಲಿದೆ.